ಯಾರ ಸರದಿ ಮೊದಲು?

ಎಲ್ಲರಿಗೂ ನಮಸ್ಕಾರ. ಒಂದು ದಿನದ ಕಥೆಯಿಂದ ಶುರು ಮಾಡುತ್ತೇನೆ.

2008ರ ಜನವರಿ 7, ಸೋಮವಾರ. ಅಮೆರಿಕದ ಈಶಾನ್ಯ ಮೂಲೆಯ ಪುಟ್ಟ ರಾಜ್ಯ ನ್ಯೂ ಹ್ಯಾಂಪ್‌ಶೈರ್. ಮರುದಿನ ಅಲ್ಲಿ ಮತದಾನ. ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲಬೇಕು ಎಂದು ಜನ ತೀರ್ಮಾನ ಮಾಡಬೇಕು. ಮುಖ್ಯ ಸ್ಪರ್ಧೆ ಇಬ್ಬರ ನಡುವೆ: ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಹೆಂಡತಿ ಹಿಲರಿ ಮತ್ತು ಕಪ್ಪು ಸೆನೆಟರ್ ಬರಾಕ್ ಒಬಾಮಾ. ಆ ದಿನ ಪೋರ್ಟ್ಸ್‌ಮತ್ ಊರಿನ ಕಾಫಿ ಅಂಗಡಿಯೊಂದರಲ್ಲಿ ಹಿಲರಿ ಕ್ಲಿಂಟನ್ ಮತದಾರರ ಜೊತೆ ಕೂತಿದ್ದರು. ಒಬ್ಬ ಹೆಂಗಸು ಕೇಳಿದರು: ಇದನ್ನೆಲ್ಲ ಹೇಗೆ ನಿಭಾಯಿಸ್ತೀರಿ? ಉತ್ತರ ಹೇಳುವಾಗ ಹಿಲರಿಯ ದನಿ ಗದ್ಗದವಾಯಿತು. ಕಣ್ಣು ತೇವವಾಯಿತು. ಅಷ್ಟೇ. ಆ ಕಣ್ಣೀರು ನಿಜವೋ ನಾಟಕವೋ ಎಂದು ಟಿವಿಯವರು ದಿನಗಟ್ಟಲೆ ಚರ್ಚೆ ಮಾಡಿದರು. ಅದೇ ದಿನ ಸೇಲಂ ಎಂಬ ಊರಿನಲ್ಲಿ ಅವರು ಭಾಷಣ ಮಾಡುತ್ತಿದ್ದಾಗ ಇಬ್ಬರು ಗಂಡಸರು ಎದ್ದು ನಿಂತು ಕೂಗಿದರು: 'ನನ್ನ ಅಂಗಿ ಇಸ್ತ್ರಿ ಮಾಡು!'

ಅದೇ ದಿನ ಇನ್ನೂ ಒಂದು ಮಾತು ಬಂತು, ಹಿಲರಿಯ ಬಾಯಿಂದಲೇ. ಟಿವಿ ಸಂದರ್ಶನದಲ್ಲಿ ಅವರು ಹೇಳಿದ್ದು ಇಷ್ಟು: ಮಾರ್ಟಿನ್ ಲೂಥರ್ ಕಿಂಗ್ ಕಂಡ ಕನಸು ನನಸಾಗಲು ಶುರುವಾದದ್ದು ಲಿಂಡನ್ ಜಾನ್ಸನ್ 1964ರ ನಾಗರಿಕ ಹಕ್ಕುಗಳ ಕಾನೂನು ತಂದಾಗ, ಅದಕ್ಕೆ ಒಬ್ಬ ಅಧ್ಯಕ್ಷ ಬೇಕಾಯಿತು. ತಮಗೆ ಆಡಳಿತದ ಅನುಭವ ಇದೆ ಎಂದು ಹೇಳಲು ಹೊರಟಿದ್ದರು. ಆದರೆ ಕಪ್ಪು ಜನರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು. ಪೆಟ್ಟು ತಿಂದವರು, ಜೈಲಿಗೆ ಹೋದವರು, ಪ್ರಾಣ ಕೊಟ್ಟವರು ನಮ್ಮವರು. ಕೀರ್ತಿ ಮಾತ್ರ ಸಹಿ ಹಾಕಿದ ಬಿಳಿಯನಿಗಾ?

ಒಂದೇ ದಿನ ನೋಡಿ. ಹಿಲರಿ ಹೆಣ್ಣು ಅಂತ ಅವಮಾನ ಅನುಭವಿಸಿದರು. ಅವರದೇ ಒಂದು ಮಾತಿನಿಂದ ಇನ್ನೊಂದು ಸಮುದಾಯಕ್ಕೆ ಗಾಯವಾಯಿತು. ಮುಂದಿನ ಐದು ತಿಂಗಳು ನಡೆದದ್ದೆಲ್ಲ ಈ ಒಂದು ದಿನದಲ್ಲಿ ಆಗಲೇ ಇತ್ತು.

ಮೊದಲು ಪ್ರೈಮರಿ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನುವುದನ್ನು ಹೈಕಮಾಂಡ್ ಹೇಳುತ್ತದೆ, ಬಿ ಫಾರಂ ಬರುತ್ತದೆ, ಮುಗಿಯಿತು. ಅಮೆರಿಕದಲ್ಲಿ ಟಿಕೆಟ್ಟಿಗೇ ಒಂದು ಚುನಾವಣೆ. ರಾಜ್ಯ ರಾಜ್ಯಗಳಲ್ಲೂ, ಬೇರೆ ಬೇರೆ ದಿನ, ಸಾಮಾನ್ಯ ಮತದಾರರೇ ಓಟು ಹಾಕುತ್ತಾರೆ. ಕೆಲವು ಕಡೆ ಕಾಕಸ್ ಅಂತ ಸಭೆ ಸೇರಿ ಆರಿಸುತ್ತಾರೆ. ಸಿಕ್ಕ ಓಟಿನ ಲೆಕ್ಕದಲ್ಲಿ, ಪಕ್ಷದ ಮಹಾಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು ಸಿಗುತ್ತಾರೆ. 2008ರಲ್ಲಿ ಕೊನೆಗೆ ಗೆಲ್ಲಲು ಬೇಕಾದದ್ದು 2,118 ಪ್ರತಿನಿಧಿಗಳು. ಇದರಲ್ಲಿ ಒಂದು ಮುಖ್ಯ ವಿಷಯ ಇದೆ. ಇಲ್ಲಿ ಎದುರಾಳಿ ಬೇರೆ ಪಕ್ಷದವರಲ್ಲ. ಸಿದ್ಧಾಂತದಲ್ಲಿ ದೊಡ್ಡ ಜಗಳ ಇರುವುದಿಲ್ಲ. ಒಬಾಮಾ ಮತ್ತು ಹಿಲರಿ ನಡುವೆ ಇರಾಕ್ ಯುದ್ಧ ಬಿಟ್ಟರೆ ನೀತಿಯಲ್ಲಿ ಅಂಥ ದೊಡ್ಡ ಅಂತರ ಇರಲಿಲ್ಲ. ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆದಾಗ ಜನ ಹೇಳುವವರನ್ನು ನೋಡುತ್ತಾರೆ. ಮುಖ ನೋಡುತ್ತಾರೆ, ಸೀರೆಯೋ ಪಂಚೆಯೋ ಅನ್ನುತ್ತೇವಲ್ಲ, ಹಾಗೆ.

ಕಪ್ಪು ಮತದಾರರು ಮೊದಲಿನಿಂದಲೂ ಒಬಾಮಾ ಹಿಂದೆ ಇದ್ದರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿರಲಿಲ್ಲ. 2007ರಲ್ಲಿ ಅವರಲ್ಲಿ ಬಹಳ ಜನ ಹಿಲರಿ ಕಡೆಗಿದ್ದರು. ಕ್ಲಿಂಟನ್ ದಂಪತಿಗೆ ಆ ಸಮುದಾಯದಲ್ಲಿ ಹಳೆಯ ಪ್ರೀತಿ ಇತ್ತು. ಜೊತೆಗೆ ಒಂದು ಅನುಮಾನ: ಬಿಳಿಯರು ಈ ಹುಡುಗನಿಗೆ ಓಟು ಹಾಕುತ್ತಾರಾ? ಇನ್ನೊಂದು ಭಯವೂ ಇತ್ತು. ಮನೆಯ ಹಿರಿಯರು ಮೆಲ್ಲಗೆ ಹೇಳುತ್ತಿದ್ದರು, ಇವನನ್ನೂ ಕೊಂದುಬಿಟ್ಟರೆ? ಅದು ಸುಮ್ನೆ ಬಂದ ಭಯವಲ್ಲ. 2007ರ ಮೇ ತಿಂಗಳಲ್ಲೇ, ಮತದಾನಕ್ಕೆ ಎಂಟು ತಿಂಗಳು ಮುಂಚೆ, ಒಬಾಮಾಗೆ ಸೀಕ್ರೆಟ್ ಸರ್ವಿಸ್ ಕಾವಲು ಕೊಡಬೇಕಾಯಿತು. ಅಲ್ಲಿಯವರೆಗೆ ಯಾವ ಆಕಾಂಕ್ಷಿಗೂ ಅಷ್ಟು ಬೇಗ ಕೊಟ್ಟಿರಲಿಲ್ಲ.

ಜನವರಿ 3ಕ್ಕೆ ಅಯೋವಾದಲ್ಲಿ ಲೆಕ್ಕ ಬದಲಾಯಿತು. ಆ ರಾಜ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಳಿಯರು. ಅಲ್ಲಿ ಒಬಾಮಾ ಗೆದ್ದರು. ಹಿಲರಿ ಮೂರನೆಯವರಾದರು. ಬಿಳಿಯರೇ ಓಟು ಹಾಕಿದ್ದನ್ನು ನೋಡಿದ ಮೇಲೆ ಕಪ್ಪು ಜನರಿಗೆ ಧೈರ್ಯ ಬಂತು. ಮೂರು ವಾರ ಬಿಟ್ಟು ಸೌತ್ ಕ್ಯಾರೊಲೈನಾದಲ್ಲಿ ಒಬಾಮಾಗೆ ಶೇ 55, ಹಿಲರಿಗೆ ಶೇ 27. ಮಧ್ಯದಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಆ ಕಣ್ಣೀರಿನ ಮರುದಿನ, ಎಲ್ಲ ಸಮೀಕ್ಷೆಗಳನ್ನೂ ಸುಳ್ಳು ಮಾಡಿ ಹಿಲರಿ ಗೆದ್ದಿದ್ದರು. ಅಲ್ಲಿ ಅವರ ಕೈ ಹಿಡಿದದ್ದು ಹೆಂಗಸರು.

ಇನ್ನು ಆಡಿದ ಮಾತುಗಳು. ಎಲ್ಲವನ್ನೂ ಹೇಳುತ್ತಾ ಹೋದರೆ ರಾತ್ರಿಯಾಗುತ್ತದೆ. ಒಬ್ಬ ಟಿವಿ ನಿರೂಪಕ, ಹಿಲರಿ ಸೆನೆಟರ್ ಆದದ್ದೇ ಗಂಡ ದಾರಿ ತಪ್ಪಿದ್ದರಿಂದ ಅಂತ ಹೇಳಿ ಆಮೇಲೆ ತಪ್ಪೊಪ್ಪಿಕೊಂಡ. ಅವರ ಆಕಾರದ್ದೇ ಬೀಜ ಒಡೆಯುವ ಸಲಕರಣೆ ಮಾಡಿ ಅಂಗಡಿಗಳಲ್ಲಿ ಮಾರಿದರು. ತೊಡೆಗಳ ನಡುವೆ ಇಟ್ಟು ಒತ್ತಿದರೆ ಬೀಜ ಒಡೆಯುವ ಹಾಗೆ. ಒಬಾಮಾ ಕೂಡ ಒಂದು ಚರ್ಚೆಯಲ್ಲಿ, ತಲೆಯೆತ್ತಿಯೂ ನೋಡದೆ, 'ನೀನು ಸಾಕಷ್ಟು ಇಷ್ಟವಾಗ್ತೀಯ ಹಿಲರಿ' ಎಂದರು. ಪ್ರಶ್ನೆ ಕೇಳಿದ ಪತ್ರಕರ್ತೆಗೆ 'ಸ್ವೀಟಿ' ಅಂದು ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಕಡೆ ಒಬಾಮಾ ಗುಟ್ಟಾಗಿ ಮುಸ್ಲಿಂ ಎಂಬ ಸುಳ್ಳು ಇಮೇಲ್‌ಗಳು ಮನೆ ಮನೆ ಸುತ್ತಿದವು. ಸೌತ್ ಕ್ಯಾರೊಲೈನಾದಲ್ಲಿ ಬಿಲ್ ಕ್ಲಿಂಟನ್ ಮಾತಾಡುತ್ತಾ, ಕಪ್ಪು ನಾಯಕ ಜೆಸ್ಸಿ ಜಾಕ್ಸನ್ ಕೂಡ 1984 ಮತ್ತು 1988ರಲ್ಲಿ ಇಲ್ಲಿ ಗೆದ್ದಿದ್ದರು ಎಂದರು. ಕಪ್ಪು ಜನ ಜಾಸ್ತಿ ಇರುವ ರಾಜ್ಯ, ಕಪ್ಪು ಅಭ್ಯರ್ಥಿ ಗೆಲ್ಲುತ್ತಾನೆ, ಅದರಲ್ಲೇನು ವಿಶೇಷ ಎಂಬ ಧಾಟಿ. ಮೇ ತಿಂಗಳಲ್ಲಿ ಹಿಲರಿ ತಮ್ಮ ಬೆಂಬಲಿಗರ ಬಗ್ಗೆ ಹೇಳುತ್ತಾ 'ಕಷ್ಟಪಟ್ಟು ದುಡಿಯುವ ಅಮೆರಿಕನ್ನರು, ಬಿಳಿ ಅಮೆರಿಕನ್ನರು' ಎಂದುಬಿಟ್ಟರು. ಹಾಗಾದರೆ ಕಪ್ಪು ಜನ ಕಷ್ಟಪಟ್ಟು ದುಡಿಯುವುದಿಲ್ಲವೇ?

ಇದರಲ್ಲಿ ನನಗೆ ಜಾಸ್ತಿ ನೋವಾಗಿದ್ದು ಇಬ್ಬರ ಮಾತಿನಿಂದ. ಇಬ್ಬರೂ ನಾನು ಗೌರವಿಸುವ ಹೆಂಗಸರು. ಗ್ಲೋರಿಯಾ ಸ್ಟೈನಂ ಅಮೆರಿಕದ ಸ್ತ್ರೀ ಚಳವಳಿಯ ದೊಡ್ಡ ಹೆಸರು. ನ್ಯೂ ಹ್ಯಾಂಪ್‌ಶೈರ್ ಮತದಾನದ ದಿನವೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರ ಲೇಖನ ಬಂತು. ಒಬಾಮಾಗೆ ಇರುವ ಅರ್ಹತೆಯೆಲ್ಲ ಇರುವ ಒಬ್ಬ ಕಪ್ಪು ಹೆಣ್ಣುಮಗಳನ್ನು ಊಹಿಸಿಕೊಳ್ಳಿ, ಅವಳು ಇಷ್ಟು ದೂರ ಬರುತ್ತಿದ್ದಳೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಅಮೆರಿಕದ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಟ್ಟಿಹಾಕುವುದು ಬಹುಶಃ ಲಿಂಗಭೇದವೇ ಎಂದರು. ಕಪ್ಪು ಗಂಡಸರಿಗೆ ಓಟಿನ ಹಕ್ಕು ಯಾವುದೇ ಬಣ್ಣದ ಹೆಂಗಸರಿಗಿಂತ ಅರ್ಧ ಶತಮಾನ ಮೊದಲೇ ಸಿಕ್ಕಿತ್ತು ಎಂದೂ ನೆನಪಿಸಿದರು. ಕಾಗದದ ಮೇಲೆ ನಿಜ. 1870ರ ತಿದ್ದುಪಡಿ ಕಪ್ಪು ಗಂಡಸರಿಗೆ, 1920ರದ್ದು ಹೆಂಗಸರಿಗೆ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಆ 1870ರ ಹಕ್ಕು ಚಲಾಯಿಸಲು ಹೋದವನ ಗತಿ ಏನಾಗುತ್ತಿತ್ತು ಅನ್ನುವುದು ಕಾಗದದಲ್ಲಿ ಇರಲಿಲ್ಲ. ಓಟಿನ ಹಕ್ಕು ಕಾಯುವ ಕಾನೂನು ಬಂದ 1965ರವರೆಗೂ ಹಾಗೇ ಇತ್ತು.

ಎರಡನೆಯವರು ಜೆರಾಲ್ಡೀನ್ ಫೆರಾರೊ. 1984ರಲ್ಲಿ ದೊಡ್ಡ ಪಕ್ಷವೊಂದರಿಂದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಮೊದಲ ಮಹಿಳೆ. ಒಬಾಮಾ ಬಿಳಿಯನಾಗಿದ್ದರೆ ಈ ಸ್ಥಾನದಲ್ಲಿ ಇರುತ್ತಿರಲಿಲ್ಲ ಎಂದು 2008ರ ಮಾರ್ಚ್‌ನಲ್ಲಿ ಅವರು ಹೇಳಿದರು. ಗದ್ದಲವಾಯಿತು. ಹಿಲರಿಯ ಪ್ರಚಾರ ಸಮಿತಿಯಿಂದ ಹೊರಗೆ ಬಂದರು. ಮೀಸಲಾತಿಯ ಮಾತು ಬಂದಾಗ ನಮ್ಮ ಕಿವಿಗೆ ಬಿದ್ದ ಮಾತಿನ ಹಾಗೇ ಇಲ್ಲವಾ ಇದು? ನಿನಗೆ ಸಿಕ್ಕಿದ್ದು ನಿನ್ನ ಯೋಗ್ಯತೆಯಿಂದಲ್ಲ, ನಿನ್ನ ಹುಟ್ಟಿನಿಂದ. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಆರಿಸಿದರು ಅಂತ ಚುಚ್ಚಿಸಿಕೊಂಡ ಹೆಂಗಸೇ ಅದನ್ನು ಇನ್ನೊಬ್ಬರಿಗೆ ಹೇಳಿದರಲ್ಲ ಎಂದು ನನಗೆ ತುಂಬಾ ಸಂಕಟವಾಗಿತ್ತು.

ನಾನು ಆಗ ನಾರ್ತ್ ಕ್ಯಾರೊಲೈನಾದಲ್ಲಿದ್ದೆ. ಯಜಮಾನರಿಗೆ ಅಲ್ಲಿ ಕೆಲಸ. ನನ್ನದು ಎಚ್-4 ವೀಸಾ, ಆಗ ಅದರಲ್ಲಿ ಸಂಬಳಕ್ಕೆ ದುಡಿಯುವ ಹಾಗಿರಲಿಲ್ಲ. ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ. ಅಲ್ಲಿ ನನ್ನ ಜೊತೆ ಅರವತ್ತು ದಾಟಿದ ಒಬ್ಬ ಕಪ್ಪು ಹೆಂಗಸು ಇದ್ದರು. ನಿವೃತ್ತ ನರ್ಸ್. ಆ ಕಡೆಯ ರೂಢಿಯಂತೆ ನಾನು ಅವರನ್ನು 'ಮ್ಯಾಮ್' ಅಂತಲೇ ಕರೆಯುತ್ತಿದ್ದೆ. ಆ ವರ್ಷ ಅವರಿಗೆ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಚರ್ಚಿನಲ್ಲಿ, 'ನಮ್ಮ ಹುಡುಗ ಇಷ್ಟು ಮೇಲೆ ಬಂದಿದ್ದಾನೆ, ನೀನಿನ್ನೂ ಯೋಚನೆ ಮಾಡ್ತಿದ್ದೀಯಾ?' ಆಸ್ಪತ್ರೆಯ ಹಳೆಯ ಗೆಳತಿಯರು, ಬಿಳಿಯರು, 'ನಮ್ಮ ಜೀವಮಾನದಲ್ಲಿ ಇನ್ನೊಬ್ಬ ಹೆಂಗಸು ಬರ್ತಾಳಾ?' ಒಂದು ದಿನ ಪುಸ್ತಕದ ಗಾಡಿ ತಳ್ಳುತ್ತಾ ಅವರು ನನಗೆ ಹೇಳಿದರು: 'ಓಟು ಕೊಟ್ಟಿರೋದು ಒಂದು. ಲೆಕ್ಕ ಕೇಳೋರು ಇಬ್ಬರು.'

ಅವರ ಕಷ್ಟ ಅವರೊಬ್ಬರದ್ದೇ ಆಗಿರಲಿಲ್ಲ. ಹೆಸರಾಂತ ಟಿವಿ ನಿರೂಪಕಿ, ಕಪ್ಪು ಹೆಂಗಸು ಓಪ್ರಾ ವಿನ್‌ಫ್ರೀ ಒಬಾಮಾ ಪರವಾಗಿ ವೇದಿಕೆ ಹತ್ತಿದಾಗ, ಹೆಣ್ಣಾಗಿ ಹೆಣ್ಣಿಗೇ ದ್ರೋಹ ಮಾಡಿದಿರಿ ಎಂದು ಅವರದೇ ಅಭಿಮಾನಿಗಳು ಬರೆದರು. ಈ ಕಡೆ ಒಹಾಯೋದ ಸ್ಟೆಫನಿ ಟಬ್ಸ್ ಜೋನ್ಸ್ ಇದ್ದರು. ಆ ರಾಜ್ಯದಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆ. ಹಿಲರಿಗೆ ಮಾತು ಕೊಟ್ಟಿದ್ದರು. ನಾಗರಿಕ ಹಕ್ಕುಗಳ ಹೋರಾಟದ ಹಿರಿಯ ಜಾನ್ ಲೂಯಿಸ್ ಫೆಬ್ರವರಿಯಲ್ಲಿ ಹಿಲರಿಯನ್ನು ಬಿಟ್ಟು ಒಬಾಮಾ ಕಡೆ ಬಂದರು. ಟಬ್ಸ್ ಜೋನ್ಸ್ ಬರಲಿಲ್ಲ. ಎಷ್ಟು ಒತ್ತಡ ಬಂದರೂ ಕೊನೆಯವರೆಗೂ ನಿಂತರು. ಸ್ಪರ್ಧೆ ಮುಗಿದ ಮೇಲೆ ಒಬಾಮಾಗೆ ಬೆಂಬಲ ಕೊಟ್ಟರು. ಆಗಸ್ಟ್ 20ರಂದು, ಪಕ್ಷದ ಮಹಾಧಿವೇಶನಕ್ಕೆ ಇನ್ನು ಐದು ದಿನ ಇದೆ ಅನ್ನುವಾಗ, ತೀರಿಕೊಂಡರು.

ಇವರೆಲ್ಲ ಎರಡು ಸರದಿಯಲ್ಲಿ ಒಟ್ಟಿಗೇ ನಿಂತವರು. ಒಂದನ್ನು ಬಿಟ್ಟು ಬಾ ಅಂದರೆ ಮೈಯ ಯಾವ ಭಾಗ ಬಿಟ್ಟು ಬರಬೇಕು?

ಈ ತೊಡಕು ಎಷ್ಟು ಹಳೆಯದು ಗೊತ್ತಾ? ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯ ವಿರುದ್ಧ ಹೋರಾಡಿದವರೂ ಹೆಣ್ಣಿನ ಹಕ್ಕಿಗೆ ಹೋರಾಡಿದವರೂ ಒಂದೇ ಸಂಘದಲ್ಲಿ ಇದ್ದರು. ಆಗ ಒಂದು ಘೋಷಣೆ ಬಂತು: ಈ ಗಳಿಗೆ ಕಪ್ಪು ಮನುಷ್ಯನದು. ಅಂದರೆ ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೆಂಗಸರು ಆಮೇಲೆ ಬನ್ನಿ. 1869ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಸಂಘ ಒಡೆಯಿತು. ಹೆಣ್ಣಿನ ಹಕ್ಕಿನ ನಾಯಕಿ ಎಲಿಜಬೆತ್ ಕೇಡಿ ಸ್ಟಾಂಟನ್, ಓದಿದ ಬಿಳಿ ಹೆಂಗಸರನ್ನು ಬಿಟ್ಟು ಓದು ಬಾರದ ಕಪ್ಪು ಗಂಡಸರಿಗೆ ಓಟು ಕೊಡುವುದೇ ಎಂದು ಬಹಳ ಕೀಳಾದ ಪದ ಬಳಸಿ ಮಾತಾಡಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾಗಿದ್ದ ಫ್ರೆಡೆರಿಕ್ ಡಗ್ಲಸ್ ಎದ್ದು, ಹೆಂಗಸರನ್ನು ಹೆಂಗಸರು ಅನ್ನುವ ಕಾರಣಕ್ಕೆ ಮನೆಯಿಂದ ಎಳೆದು ತಂದು ದೀಪದ ಕಂಬಕ್ಕೆ ನೇಣು ಹಾಕುವ ದಿನ ಬಂದರೆ ನಿಮ್ಮ ಅವಸರವೂ ನಮ್ಮಷ್ಟೇ ಆಗುತ್ತದೆ ಎಂದರು. ಆಗ ಸಭೆಯಿಂದ ಒಂದು ದನಿ ಬಂತು: ಕಪ್ಪು ಹೆಂಗಸಿಗೂ ಹಾಗೇ ಆಗುವುದಿಲ್ಲವೇ? ಡಗ್ಲಸ್ ಹೇಳಿದರು: ಹೌದು, ಹೌದು. ಆದರೆ ಅವಳು ಹೆಂಗಸು ಅಂತಲ್ಲ, ಕಪ್ಪು ಅಂತ.

ಈ ಉತ್ತರವನ್ನು ನಾನು ಎಷ್ಟು ಸಲ ಓದಿದ್ದೇನೋ. ಡಗ್ಲಸ್ ಹೆಣ್ಣಿನ ಓಟಿಗಾಗಿ 1848ರಿಂದ ನಿಂತವರು. ಅಂಥವರಿಗೂ ಆ ಹೆಂಗಸನ್ನು ಎರಡು ತುಂಡು ಮಾಡದೆ ನೋಡಲು ಆಗಲಿಲ್ಲ.

ಪ್ರೈಮರಿಗೂ ಇದರದೇ ಒಂದು ಚರಿತ್ರೆ ಇದೆ. ಅದನ್ನು ಹೇಳಲೇಬೇಕು, ಏಕೆಂದರೆ ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆಗ ಒಂದೇ ಪಕ್ಷದ ದರ್ಬಾರು, ಡೆಮಾಕ್ರಟಿಕ್ ಪಕ್ಷದ್ದು. ಪ್ರೈಮರಿಯಲ್ಲಿ ಗೆದ್ದರೆ ಚುನಾವಣೆ ಗೆದ್ದ ಹಾಗೆಯೇ. ಟೆಕ್ಸಸ್‌ನಲ್ಲಿ 1918ರಲ್ಲಿ ಹೆಂಗಸರಿಗೆ ಪ್ರೈಮರಿಯಲ್ಲಿ ಓಟು ಹಾಕುವ ಹಕ್ಕು ಬಂತು. ಇಡೀ ದೇಶಕ್ಕಿಂತ ಎರಡು ವರ್ಷ ಮೊದಲು. ಖುಷಿಯ ವಿಷಯ. ಐದೇ ವರ್ಷ ಆದ ಮೇಲೆ, 1923ರಲ್ಲಿ, ಅದೇ ಟೆಕ್ಸಸ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕಪ್ಪು ಜನ ಓಟು ಹಾಕಬಾರದು ಎಂದು ಕಾನೂನೇ ಮಾಡಿದರು. ಒಂದು ಬಾಗಿಲು ತೆರೆಯಿತು, ಇನ್ನೊಂದಕ್ಕೆ ಬೀಗ ಬಿತ್ತು. ಆ ಬಾಗಿಲ ಮುಂದೆ ನಿಂತ ಕಪ್ಪು ಹೆಂಗಸಿಗೆ ಯಾವ ಬಾಗಿಲೂ ಇಲ್ಲ. ಪಕ್ಷ ಅನ್ನುವುದು ಖಾಸಗಿ ಸಂಘ, ಯಾರನ್ನು ಬೇಕಾದರೂ ಹೊರಗಿಡಬಹುದು ಎಂದು ವಾದ ಮಾಡುತ್ತಾ ಹೋದರು. ಹ್ಯೂಸ್ಟನ್ನಿನ ಒಬ್ಬ ದಂತವೈದ್ಯರು, ಲೋನಿ ಸ್ಮಿತ್, ಕೋರ್ಟಿಗೆ ಹೋದರು. ಅವರ ಪರ ವಾದಿಸಿದವರು ಥರ್ಗುಡ್ ಮಾರ್ಷಲ್. 1944ರಲ್ಲಿ ಸುಪ್ರೀಂ ಕೋರ್ಟ್ ಆ 'ಬಿಳಿಯರ ಪ್ರೈಮರಿ'ಯನ್ನು ರದ್ದು ಮಾಡಿತು. 1944 ಎಂದರೆ 2008ಕ್ಕೆ ಬರೀ 64 ವರ್ಷ ಹಿಂದೆ. ನಮ್ಮ ಮ್ಯಾಮ್ ಅವರ ತಾಯಿಯ ಕಾಲ.

ಮ್ಯಾಮ್ ನನಗೆ ಒಂದು ಹೆಸರು ಹೇಳಿದರು. 'ಇವರೆಲ್ಲ ಇದೇ ಮೊದಲು ಅಂತಿದ್ದಾರೆ. ನಾನು 1972ರಲ್ಲೇ ಇಬ್ಬರಿಗೂ ಒಂದೇ ಓಟು ಹಾಕಿದ್ದೆ.' ಆ ಹೆಸರು ಶರ್ಲಿ ಚಿಶೋಮ್. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಆ ಹೆಸರನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಮನೆಗೆ ಹೋಗುವಾಗ ಆ ಲೈಬ್ರರಿಯಲ್ಲಿ ಇದ್ದದ್ದನ್ನೆಲ್ಲ ಎತ್ತಿಕೊಂಡು ಹೋದೆ.

ಚಿಶೋಮ್ ಹುಟ್ಟಿದ್ದು 1924ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಬ್ರಿಟಿಷ್ ಗಯಾನಾದವರು, ತಾಯಿ ಬಾರ್ಬಡೋಸ್‌ನವರು. ತಾಯಿ ಬಟ್ಟೆ ಹೊಲಿದು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಚಿಕ್ಕಂದಿನ ಕೆಲವು ವರ್ಷ ಶರ್ಲಿ ಬಾರ್ಬಡೋಸ್‌ನಲ್ಲಿ ಅಜ್ಜಿಯ ಹತ್ತಿರ ಬೆಳೆದರು. ಆಮೇಲೆ ಶಿಶುವಿಹಾರದ ಟೀಚರ್. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಕಪ್ಪು ಮಹಿಳೆಯಾದರು. ಆ ಚುನಾವಣೆಯಲ್ಲಿ ಎದುರಾಳಿಯೂ ಕಪ್ಪು ಜನರ ಹೋರಾಟದ ದೊಡ್ಡ ನಾಯಕರೇ, ಜೇಮ್ಸ್ ಫಾರ್ಮರ್. ಅವರ ಕಡೆಯ ಪ್ರಚಾರ ಏನು ಗೊತ್ತಾ? ವಾಷಿಂಗ್ಟನ್‌ನಲ್ಲಿ ನಮಗೆ ಗಂಡಸಿನ ದನಿ ಬೇಕು! ಆ ಕ್ಷೇತ್ರದಲ್ಲಿ ಹೆಂಗಸರ ಓಟೇ ಜಾಸ್ತಿ. ಚಿಶೋಮ್ ಬೀದಿ ಬೀದಿಯಲ್ಲಿ ನಿಂತು ಅವರ ಜೊತೆ ಮಾತಾಡಿದರು. ಸುಲಭವಾಗಿ ಗೆದ್ದರು.

1972ರ ಜನವರಿ 25ರಂದು, ಬ್ರೂಕ್ಲಿನ್‌ನ ಒಂದು ಚರ್ಚಿನಲ್ಲಿ, ತಾನು ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತೇನೆ ಎಂದು ಘೋಷಿಸಿದರು. ನಾನು ಕಪ್ಪು ಅಮೆರಿಕದ ಅಭ್ಯರ್ಥಿ ಅಲ್ಲ, ಆದರೆ ನಾನು ಕಪ್ಪು, ಅದರ ಬಗ್ಗೆ ಹೆಮ್ಮೆ ಇದೆ. ನಾನು ಮಹಿಳಾ ಚಳವಳಿಯ ಅಭ್ಯರ್ಥಿ ಅಲ್ಲ, ಆದರೆ ನಾನು ಹೆಣ್ಣು, ಅದರ ಬಗ್ಗೆಯೂ ಅಷ್ಟೇ ಹೆಮ್ಮೆ ಇದೆ. ನಾನು ಅಮೆರಿಕದ ಜನರ ಅಭ್ಯರ್ಥಿ. ಆ ದಿನ ಅವರು ಹೇಳಿದ್ದರ ತಿರುಳು ಇದು. ಯಾವುದನ್ನೂ ಬಿಡಲಿಲ್ಲ ನೋಡಿ. ಯಾವುದನ್ನೂ ಮುಂದೆ ನಿಲ್ಲಿಸಲೂ ಇಲ್ಲ.

ಅವರ ಜೊತೆ ಯಾರು ನಿಂತರು? ಮಾರ್ಚ್‌ನಲ್ಲಿ ಇಂಡಿಯಾನಾದ ಗ್ಯಾರಿ ಎಂಬ ಊರಿನಲ್ಲಿ ಕಪ್ಪು ನಾಯಕರ ದೊಡ್ಡ ರಾಷ್ಟ್ರೀಯ ಸಮಾವೇಶ ನಡೆಯಿತು. ಅದು ಅವರಿಗೆ ಬೆಂಬಲ ಕೊಡಲಿಲ್ಲ. ಒಬ್ಬ ಕಪ್ಪು ಅಭ್ಯರ್ಥಿ ನಿಲ್ಲಬೇಕು ಎಂದು ಮಾತಾಡುತ್ತಿದ್ದ ಗಂಡಸರಿಗೆ, ತಮ್ಮನ್ನು ಕೇಳದೆ ಒಬ್ಬ ಹೆಂಗಸು ನಿಂತದ್ದು ಸಹಿಸಲಿಲ್ಲ. ಇತ್ತ ಸ್ತ್ರೀ ಚಳವಳಿಯ ಬಿಳಿ ನಾಯಕಿಯರು ಬಾಯಿ ತುಂಬಾ ಹೊಗಳಿದರು. ಆದರೆ ಗೆಲ್ಲುವ ಕುದುರೆ ಜಾರ್ಜ್ ಮೆಗವರ್ನ್ ಎಂದು ಅವರಿಗೆ ಗೊತ್ತಿತ್ತು. ಇದೇ ಗ್ಲೋರಿಯಾ ಸ್ಟೈನಂ ಚಿಶೋಮ್ ಪರ ಪ್ರತಿನಿಧಿಯಾಗಲು ನಿಂತಿದ್ದರು. ನಿಂತವರು, ಗಂಡಸರಲ್ಲಿ ಮೆಗವರ್ನ್ ಒಳ್ಳೆಯವರು ಎಂದೂ ಹೇಳುತ್ತಿದ್ದರು. ಅರ್ಧ ಮನಸ್ಸಿನ ಬೆಂಬಲಕ್ಕಿಂತ ಬೆಂಬಲ ಇಲ್ಲದೇ ಇರುವುದು ವಾಸಿ ಅಂತ ಚಿಶೋಮ್‌ಗೆ ಅನ್ನಿಸಿದ್ದರೆ ತಪ್ಪೇನೂ ಇಲ್ಲ. ಟಿವಿ ಚರ್ಚೆಗಳಿಂದಲೂ ಅವರನ್ನು ಹೊರಗಿಟ್ಟಿದ್ದರು. ಕಾನೂನಿನ ಮೊರೆ ಹೋಗಿ ಟಿವಿಯಲ್ಲಿ ಸಮಯ ಪಡೆದುಕೊಂಡರು. ಕಪ್ಪು ಅನ್ನುವುದಕ್ಕಿಂತ ಹೆಣ್ಣು ಅನ್ನುವ ಕಾರಣಕ್ಕೇ ರಾಜಕೀಯದಲ್ಲಿ ತಾನು ಹೆಚ್ಚು ತಾರತಮ್ಯ ಕಂಡಿದ್ದೇನೆ ಎಂದು ಅವರು ಹೇಳಿದ್ದುಂಟು. ಅದನ್ನು ಅವರು ಹೇಳುವುದು ಬೇರೆ. ಅವರ ಪರವಾಗಿ ಬೇರೆಯವರು ತಕ್ಕಡಿ ಹಿಡಿಯುವುದು ಬೇರೆ.

ಅದೇ ಸ್ಪರ್ಧೆಯಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಕೂಡ ಇದ್ದರು. ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಕೂರಬಾರದು, ಇಂದೂ ಮುಂದೂ ಎಂದೆಂದಿಗೂ ಎಂದು ಸಾರಿದ್ದ ಮನುಷ್ಯ. ಮೇ 15ರಂದು ಮೇರಿಲ್ಯಾಂಡಿನಲ್ಲಿ ಯಾರೋ ಅವರ ಮೇಲೆ ಗುಂಡು ಹಾರಿಸಿದರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಶೋಮ್ ಆಸ್ಪತ್ರೆಗೆ ನೋಡಲು ಹೋದರು. ವಾಲೆಸ್ ಕೇಳಿದರಂತೆ, ನಿಮ್ಮ ಜನ ಏನನ್ನುತ್ತಾರೆ? ಏನನ್ನುತ್ತಾರೋ ಗೊತ್ತು, ಆದರೆ ನಿಮಗೆ ಆದದ್ದು ಯಾರಿಗೂ ಆಗಬಾರದು ಎಂದು ಚಿಶೋಮ್ ಹೇಳಿದರು. ವಾಲೆಸ್ ಅತ್ತುಬಿಟ್ಟರು. ಬ್ರೂಕ್ಲಿನ್‌ನಲ್ಲಿ ಅವರ ಬೆಂಬಲಿಗರು ಸಿಟ್ಟಾದರು. ಎರಡು ವರ್ಷದ ಮೇಲೆ, 1974ರಲ್ಲಿ, ಮನೆಗೆಲಸದವರಿಗೂ ಕನಿಷ್ಠ ಕೂಲಿ ಕಾನೂನು ಅನ್ವಯವಾಯಿತು. ಅದಕ್ಕಾಗಿ ಚಿಶೋಮ್ ಹಟ ಹಿಡಿದು ದುಡಿದಿದ್ದರು. ಅವರ ಅಮ್ಮನೂ ಆ ಕೆಲಸ ಮಾಡಿದವರಲ್ಲವೇ.

ಜುಲೈನಲ್ಲಿ ಮಯಾಮಿ ಬೀಚ್‌ನ ಮಹಾಧಿವೇಶನದಲ್ಲಿ ಚಿಶೋಮ್‌ಗೆ 152 ಪ್ರತಿನಿಧಿಗಳ ಓಟು ಬಿತ್ತು. ಟಿಕೆಟ್ ಮೆಗವರ್ನ್‌ಗೆ ಹೋಯಿತು. ನಾರ್ತ್ ಕ್ಯಾರೊಲೈನಾ ಪ್ರೈಮರಿಯಲ್ಲಿ ಗೆದ್ದದ್ದು ವಾಲೆಸ್, ಚಿಶೋಮ್‌ಗೆ ಮೂರನೆಯ ಸ್ಥಾನ. ಅಲ್ಲಿ ಅವರಿಗೆ ಬಿದ್ದ ಅರವತ್ತು ಸಾವಿರ ಚಿಲ್ಲರೆ ಓಟುಗಳಲ್ಲಿ ಒಂದು, ಆಗ ಇಪ್ಪತ್ತರ ಹರೆಯದಲ್ಲಿದ್ದ ನಮ್ಮ ಮ್ಯಾಮ್ ಅವರದು.

ಇದೇ ಕಥೆಗೆ ಕೋರ್ಟಿನಲ್ಲೂ ಒಂದು ರೂಪ ಇದೆ. ಸೇಂಟ್ ಲೂಯಿಸ್‌ನ ಜನರಲ್ ಮೋಟಾರ್ಸ್ ಕಾರ್ಖಾನೆಯ ಮೇಲೆ ಐವರು ಕಪ್ಪು ಹೆಂಗಸರು ದಾವೆ ಹಾಕಿದರು. ಹೊಸದಾಗಿ ಸೇರಿದವರನ್ನು ಮೊದಲು ತೆಗೆಯುವ ನಿಯಮದಿಂದ ಅವರ ಕೆಲಸ ಹೋಗಿತ್ತು. 1964ಕ್ಕೆ ಮುಂಚೆ ಅಲ್ಲಿ ಕಪ್ಪು ಹೆಂಗಸರನ್ನು ಸೇರಿಸಿಕೊಂಡೇ ಇರಲಿಲ್ಲ, ಮತ್ತೆ ಹಳಬರು ಹೇಗಾಗಬೇಕು? 1976ರಲ್ಲಿ ಕೋರ್ಟ್ ಹೇಳಿತು: ಕಂಪನಿಯಲ್ಲಿ ಹೆಂಗಸರಿದ್ದಾರೆ, ಹಾಗಾಗಿ ಲಿಂಗಭೇದ ಇಲ್ಲ. ಬಣ್ಣ, ಲಿಂಗ ಎರಡನ್ನೂ ಸೇರಿಸಿ ಹೊಸದೊಂದು ವರ್ಗ ಮಾಡಿಕೊಡಲು ಆಗುವುದಿಲ್ಲ. ಅಲ್ಲಿದ್ದ ಆ ಹಳಬ ಹೆಂಗಸರು ಬಿಳಿಯರು. ಕಿಂಬರ್ಲಿ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ತೀರ್ಪನ್ನು ಮುಂದಿಟ್ಟು, ನಾಲ್ಕು ದಾರಿ ಕೂಡುವ ಸರ್ಕಲ್‌ನ ಚಿತ್ರ ಕೊಟ್ಟರು. ಅಲ್ಲಿ ನಿಂತವಳಿಗೆ ಯಾವ ಕಡೆಯಿಂದಲೂ ಗಾಡಿ ಬಂದು ಬಡಿಯಬಹುದು, ಕೆಲವು ಸಲ ಎರಡೂ ಕಡೆಯಿಂದ. ಯಾವ ರಸ್ತೆಯ ಗಾಡಿ ಎಂದು ಹೇಳುವವರೆಗೂ ಆಂಬುಲೆನ್ಸ್ ಬರುವುದಿಲ್ಲ ಅಂದರೆ ಹೇಗೆ?

ಮತ್ತೆ 2008. ಒಬಾಮಾ ಅವರ ಪಾದ್ರಿ ಜೆರೆಮಾಯಾ ರೈಟ್ ಅವರ ಉರಿಯುವ ಮಾತುಗಳ ವಿಡಿಯೊ ಟಿವಿಯಲ್ಲಿ ಸುತ್ತಿದಾಗ, ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮಾ ಬಣ್ಣದ ಬಗ್ಗೆ ನೇರವಾಗಿ ಮಾತಾಡಿದರು. ತನ್ನನ್ನು ಸಾಕಿದ ಬಿಳಿ ಅಜ್ಜಿ, ಬೀದಿಯಲ್ಲಿ ಪಕ್ಕ ಹಾದುಹೋಗುವ ಕಪ್ಪು ಗಂಡಸರನ್ನು ಕಂಡರೆ ಹೆದರುತ್ತಿದ್ದಳು ಎಂದು ಹೇಳಿದರು. ಅವಳನ್ನು ಹೇಗೆ ಬಿಡಲಾರೆನೋ ಆ ಪಾದ್ರಿಯನ್ನೂ ಬಿಡಲಾರೆ ಎಂದರು. ಆ ಭಾಷಣ ನನಗೆ ಈಗಲೂ ಇಷ್ಟ. ಹಿಲರಿಗೆ ಹೆಣ್ಣಿನ ಬಗ್ಗೆ ಅಂಥದೊಂದು ಭಾಷಣ ಮಾಡಲು ಆ ಸ್ಪರ್ಧೆ ಮುಗಿಯುವವರೆಗೂ ಆಗಲಿಲ್ಲ. ಗಟ್ಟಿಗಿತ್ತಿ ಎಂದು ತೋರಿಸಿಕೊಳ್ಳಬೇಕಿತ್ತು. ಹೆಣ್ಣು ಎಂದರೆ ದುರ್ಬಲೆ ಎಂದಾರು ಎಂಬ ಅಂಜಿಕೆ. ಜೂನ್ 7ರಂದು, ಸೋಲು ಒಪ್ಪಿಕೊಳ್ಳುವ ದಿನ, ಹೆಂಗಸರನ್ನು ಮೇಲೇರದಂತೆ ತಡೆಯುವ ಆ ಎತ್ತರದ ಗಾಜಿನ ಚಾವಣಿಯಲ್ಲಿ, ತಮಗೆ ಬಿದ್ದ ಓಟಿನಷ್ಟೇ, 1 ಕೋಟಿ 80 ಲಕ್ಷ ಬಿರುಕು ಬಿದ್ದಿದೆ ಎಂದರು. ಮ್ಯಾಮ್ ಮೇ 6ರಂದು ಒಬಾಮಾಗೆ ಓಟು ಹಾಕಿದ್ದರು. ಜೂನ್ 7ರ ಭಾಷಣವನ್ನು ಅವರ ಮನೆಯಲ್ಲಿ ಇಬ್ಬರೂ ಕೂತು ನೋಡಿದೆವು. ಅವರು ಅತ್ತರು. ನಾನೂ ಅತ್ತೆ.

ನಮ್ಮವರ ವಿಷಯಕ್ಕೂ ಬರಬೇಕು. ಆ ವರ್ಷದ ಯುಗಾದಿಗೆ ಕನ್ನಡದವರೆಲ್ಲ ಸೇರಿ ಊಟ ಮಾಡುತ್ತಿದ್ದೆವು. ಮಾತು ಚುನಾವಣೆಗೆ ಬಂತು. ಒಬ್ಬರು, 'ಆ ಕರಿಯ ಗೆದ್ದರೆ ನಮ್ಮ ಏರಿಯಾದಲ್ಲಿ ಮನೆ ರೇಟ್ ಬಿದ್ದುಹೋಗುತ್ತೆ' ಎಂದರು. ಇನ್ನೊಬ್ಬರು, 'ಗಂಡನನ್ನೇ ಸಂಭಾಳಿಸೋಕಾಗದವಳು ದೇಶ ಸಂಭಾಳಿಸ್ತಾಳಾ' ಎಂದರು. ಒಂದೇ ಪಂಕ್ತಿಯಲ್ಲಿ ಎರಡೂ. ಎಲ್ಲರೂ ನಕ್ಕರು. ನಾನು ಎಲೆ ನೋಡುತ್ತಾ ಸುಮ್ಮನೆ ಕೂತೆ. ಇವತ್ತು ಈ ವೇದಿಕೆಯಲ್ಲಿ ಇಷ್ಟು ಮಾತಾಡುತ್ತಿರುವುದಕ್ಕೆ ಆ ಸುಮ್ಮನಿದ್ದದ್ದೂ ಒಂದು ಕಾರಣ. ಹಾಗಂತ ನಾವು ಬರೀ ನೋಡುವವರೇ ಆಗಿರಲಿಲ್ಲ. 2007ರಲ್ಲಿ ಒಬಾಮಾ ಕಡೆಯವರೇ ಹಿಲರಿಗೆ ಭಾರತೀಯರ ನಂಟು ಜಾಸ್ತಿ ಎಂದು ಹಂಗಿಸಲು 'ಪಂಜಾಬಿನ ಡೆಮಾಕ್ರಟ್' ಎಂದು ಒಂದು ಟಿಪ್ಪಣಿ ಹಂಚಿದ್ದರು. ಭಾರತೀಯ ಮೂಲದವರು ಪ್ರತಿಭಟಿಸಿದ ಮೇಲೆ ಒಬಾಮಾ ಅದು ಮೂರ್ಖತನದ ತಪ್ಪು ಎಂದು ಒಪ್ಪಿಕೊಂಡರು.

ಕಮಲಾ ಹ್ಯಾರಿಸ್ ಬಗ್ಗೆ ನಿಮಗೆಲ್ಲ ಗೊತ್ತು, ಹೆಚ್ಚು ಹೇಳುವುದಿಲ್ಲ. 2019ರಲ್ಲಿ ಪ್ರೈಮರಿಗೆ ಇಳಿದಾಗ ತಮ್ಮ ಪ್ರಚಾರದ ಬಣ್ಣಗಳನ್ನು ಚಿಶೋಮ್ ನೆನಪಿಗೆ ಆರಿಸಿಕೊಂಡಿದ್ದರು. ಒಂದು ಓಟೂ ಬೀಳುವ ಮೊದಲೇ, ಆ ಡಿಸೆಂಬರ್‌ನಲ್ಲಿ, ಹಣ ಇಲ್ಲದೆ ಹಿಂದೆ ಸರಿಯಬೇಕಾಯಿತು.

ನಾನು ಹೇಳಬೇಕೆಂದು ಬಂದದ್ದು ಇನ್ನೊಂದು ಪ್ರೈಮರಿ. ಡೆಟ್ರಾಯಿಟ್ ನಗರದಲ್ಲಿ ನಾಲ್ವರಲ್ಲಿ ಮೂವರು ಕಪ್ಪು ಜನ. 1955ರಿಂದ ಆ ಊರಿಗೆ ಸಂಸತ್ತಿನಲ್ಲಿ ಒಬ್ಬ ಕಪ್ಪು ಪ್ರತಿನಿಧಿಯಾದರೂ ಇದ್ದೇ ಇದ್ದರು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಗೆ ಒಂಬತ್ತು ಜನ ನಿಂತರು. ಅವರಲ್ಲಿ ಹೆಚ್ಚಿನವರು ಕಪ್ಪು ಗಂಡಸರು, ಕಪ್ಪು ಹೆಂಗಸರು. ಓಟು ಹಂಚಿಹೋಗುತ್ತದೆ, ಒಬ್ಬರ ಹಿಂದೆ ನಿಲ್ಲೋಣ ಎಂದು ಹಿರಿಯರು ಪ್ರಯತ್ನ ಪಟ್ಟರು. ಆಗಲಿಲ್ಲ. ಶೇ 28 ಓಟು ಪಡೆದು ಗೆದ್ದವರು ಶ್ರೀ ಥಾನೇದಾರ್. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದವರು. ಬಡತನದಲ್ಲಿ ಓದಿ, ಅಲ್ಲಿ ಹೋಗಿ ಉದ್ಯಮ ಕಟ್ಟಿ, ತಮ್ಮದೇ ಹಣ ಸುರಿದು ಚುನಾವಣೆ ಮಾಡಿದರು. ಬೆಳಗಾವಿಯ ಹುಡುಗ ಅಮೆರಿಕದ ಸಂಸತ್ತಿಗೆ ಎಂದು ಇಲ್ಲಿ ಪತ್ರಿಕೆಗಳಲ್ಲಿ ಬಂತು. ನಮ್ಮ ಮನೆಯ ವಾಟ್ಸ್‌ಆಪ್ ಗುಂಪಿನಲ್ಲೂ ಬಂತು. ನನಗೂ ಖುಷಿಯಾಯಿತು, ಸುಳ್ಳು ಹೇಳಲಾರೆ.

ಆ ರಾತ್ರಿ ಮ್ಯಾಮ್‌ಗೆ ಫೋನ್ ಮಾಡಿದೆ. ಎಪ್ಪತ್ತೈದರ ಆಸುಪಾಸು ಅವರಿಗೆ. ನಮ್ಮೂರ ಕಡೆಯವರು ಗೆದ್ದರು ಎಂದೆ. ಅಭಿನಂದನೆ ಹೇಳಿದರು, ಮನಸಾರೆ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: 'ಅಲ್ಲಿ ನಿಂತಿದ್ದರಲ್ಲ ನಮ್ಮ ಹುಡುಗಿಯರು, ಅವರಿಗೆ ಎಷ್ಟು ಬಿತ್ತು?'

ನಾನು ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ಪಟ್ಟಿ ತೆಗೆದು, ಆ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಹುಡುಕಿ ಓದಿದೆ.